ದನ ದಿಢೀರ್ ಸತ್ತರೆ ಚಾಕು ತೆಗೆಯಬೇಡಿ: ನೆರಡಿ ರೋಗದ ಬಗ್ಗೆ ನಮ್ಮ ಕಡೆಯವರಿಗೆ ಒಂದು ಮಾರ್ಗದರ್ಶಿ

ಚಿತ್ತಾಪುರ ತಾಲ್ಲೂಕಿನ ನಮ್ಮೂರಲ್ಲಿ ಒಂದು ಮಳೆಗಾಲದ ಬೆಳಗ್ಗೆ ನಮ್ಮ ಕಾಕಾನ ಎತ್ತು ಕೊಟ್ಟಿಗೆಯಲ್ಲೇ ಸತ್ತು ಬಿದ್ದಿತ್ತು. ಹಿಂದಿನ ಸಂಜೆ ಚೆನ್ನಾಗಿಯೇ ಕಣಕಿ ತಿಂದಿತ್ತು. ಈಗ ನೋಡಿದರೆ ಹೊಟ್ಟೆ ಉಬ್ಬಿದೆ, ಮೂಗಿನ ಹೊಳ್ಳೆಯಿಂದ ಕಪ್ಪು ರಕ್ತ ಸಣ್ಣಗೆ ಇಳಿದು ನೆಲಕ್ಕೆ ಹರಡಿದೆ, ನೊಣ ಮುತ್ತಿವೆ. ಕಾಕಾ ಕೈಯಲ್ಲಿ ಚಾಕು ಹಿಡಿದು ನಿಂತಿದ್ದರು. ಮಾಂಸಕ್ಕೂ ಅಲ್ಲ, ಚರ್ಮಕ್ಕೂ ಅಲ್ಲ. ಎತ್ತಿನ ಕಿವಿಯಲ್ಲಿ ವಿಮೆಯ ಹಳದಿ ಓಲೆ ಇತ್ತು.

"ಓಲಿ ತೋರಸ್ಲಿಲ್ಲಂದ್ರ ವಿಮಾ ರೊಕ್ಕ ಬರಂಗಿಲ್ಲಪಾ. ಕಿವಿ ಕೊಯ್ದು ಇಟ್ಕೋತೀನಿ" ಅಂದರು.

"ಕಾಕಾ, ಮೊದಲು ಚಾಕು ಕೆಳಗಿಡ್ರಿ. ಡಾಕ್ಟರ್ ಬರೋತನಕ ಯಾರೂ ಮುಟ್ಟಬ್ಯಾಡ್ರಿ" ಅಂದೆ.

ಅವರಿಗೆ ಸಿಟ್ಟು ಬಂತು. ಬರದೇ ಇರುತ್ತಾ? ಬಿತ್ತನೆ ಹೊತ್ತಿಗೆ ಜೋಡಿಯಲ್ಲಿ ಒಂದು ಎತ್ತು ಹೋಗಿತ್ತು. ಆದರೂ ಚಾಕು ಕೆಳಗಿಟ್ಟರು. ಆ ಒಂದು ಗಂಟೆಯಲ್ಲಿ ಏನು ಮಾಡಬೇಕು, ಏನು ಮಾಡಬಾರದು ಅನ್ನುವುದು ನಮ್ಮೂರಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇದು ಎಂಥ ರೋಗ

ಆಂಥ್ರಾಕ್ಸ್ ಅಂದರೆ ಹಲವರಿಗೆ ನೆನಪಾಗುವುದು ಅಮೆರಿಕ, ಲಕೋಟೆ, ಪುಡಿ. ಅದನ್ನೂ ಮುಂದೆ ಹೇಳುತ್ತೇನೆ. ಆದರೆ ಇದು ಮೊದಲಿಗೆ ದನ ಕುರಿಗಳ ರೋಗ. ಕನ್ನಡದಲ್ಲಿ ಇದಕ್ಕೆ ನೆರಡಿ ರೋಗ ಅಂತ ಹೆಸರೇ ಇದೆ. ಆಕಳು, ಎಮ್ಮೆ, ಕುರಿ, ಆಡು, ಹೀಗೆ ಮೇಯುವ ಪ್ರಾಣಿಗಳಿಗೆ ಬರುತ್ತದೆ. ಅವುಗಳಿಂದ ಮನುಷ್ಯರಿಗೂ ಬರುತ್ತದೆ.

ಕಾರಣ ಬ್ಯಾಸಿಲಸ್ ಆಂಥ್ರಾಸಿಸ್ ಅನ್ನುವ ಬ್ಯಾಕ್ಟೀರಿಯಾ. 1876ರಲ್ಲಿ ಜರ್ಮನಿಯ ರಾಬರ್ಟ್ ಕೋಚ್ ಈ ರೋಗಕ್ಕೆ ಇದೇ ಕಾರಣ ಅಂತ ತೋರಿಸಿಕೊಟ್ಟರು. ಈ ಬ್ಯಾಕ್ಟೀರಿಯಾದ ಒಂದು ಗುಣವನ್ನು ಚೆನ್ನಾಗಿ ತಿಳಿದುಕೊಂಡರೆ ಮುಂದಿನ ಎಲ್ಲ ಹೆಜ್ಜೆಗಳೂ ತಾನಾಗಿಯೇ ಅರ್ಥವಾಗುತ್ತವೆ. ಪ್ರಾಣಿಯ ಮೈಯೊಳಗೆ ಇರುವಾಗ ಅದು ಮೆತ್ತಗಿನ ಜೀವಿ. ಗಾಳಿ ತಾಗಿದರೆ ಮಾತ್ರ ತನ್ನ ಸುತ್ತ ಗಟ್ಟಿ ಕವಚ ಕಟ್ಟಿಕೊಂಡು ಸ್ಪೋರ್ ಆಗುತ್ತದೆ. ನಮ್ಮ ಹಿರಿಯರು ಹಗೇವಿನಲ್ಲಿ ಜೋಳ ತುಂಬಿಟ್ಟರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ, ಅಲ್ವಾ? ಸ್ಪೋರ್ ಅದಕ್ಕಿಂತ ಗಟ್ಟಿ. ಬಿಸಿಲು, ಬರ, ಮಳೆ ಎಲ್ಲ ತಡೆದುಕೊಂಡು ಮಣ್ಣಿನಲ್ಲಿ ಹತ್ತಾರು ವರ್ಷ ಬದುಕುತ್ತದೆ.

ಸತ್ತ ದನವನ್ನು ಕೊಯ್ಯದೆ ಬಿಟ್ಟರೆ ಒಳಗೆ ಗಾಳಿ ಇರುವುದಿಲ್ಲ. ಹೆಣ ಕೊಳೆಯುತ್ತಾ ಹೋದಂತೆ ಒಳಗಿನ ಬ್ಯಾಕ್ಟೀರಿಯಾ ಕೆಲವೇ ದಿನಗಳಲ್ಲಿ ಸಾಯುತ್ತದೆ. ಅದೇ ಹೊಟ್ಟೆ ಸೀಳಿದರೆ, ಚರ್ಮ ಸುಲಿದರೆ, ಕಿವಿ ಕೊಯ್ದರೆ ಹರಿಯುವ ರಕ್ತದಲ್ಲಿ ಲೆಕ್ಕವಿಲ್ಲದಷ್ಟು ಸ್ಪೋರ್ ಹುಟ್ಟಿ ನಿಮ್ಮ ಕೊಟ್ಟಿಗೆಯ ನೆಲ ಸೇರುತ್ತವೆ. ಚಾಕು ತೆಗೆಯಬೇಡಿ ಅನ್ನುವುದು ಇದಕ್ಕೇ.

ಇನ್ನು ನಮ್ಮ ಮಣ್ಣಿನ ವಿಷಯ. ಸುಣ್ಣದ ಅಂಶ ಜಾಸ್ತಿ ಇರುವ, ಕ್ಷಾರದ ಮಣ್ಣಿನಲ್ಲಿ ಈ ಸ್ಪೋರ್ ಹೆಚ್ಚು ಕಾಲ ಉಳಿಯುತ್ತದೆ. ಕಲಬುರಗಿ, ಯಾದಗಿರಿ ಕಡೆಯ ಎರೆಭೂಮಿ ನೋಡಿ. ಶಹಾಬಾದ್ ಪರ್ಸಿ ಕಲ್ಲು ಬರುವುದು, ವಾಡಿ, ಸೇಡಂ ಸಿಮೆಂಟ್ ಕಾರ್ಖಾನೆಗಳಿಗೆ ಕಲ್ಲು ಸಿಗುವುದು ಇಲ್ಲಿನ ಸುಣ್ಣದ ಕಲ್ಲಿನಿಂದಲೇ. ಹಾಗಂತ ಪ್ರತಿ ಹೊಲದಲ್ಲೂ ನೆರಡಿ ಇದೆ ಅಂತ ಅಲ್ಲ. ಒಮ್ಮೆ ಬಂದರೆ ಇಲ್ಲಿ ಬೇಗ ಹೋಗುವುದಿಲ್ಲ ಅಂತ.

ಬೇಸಿಗೆಯಲ್ಲಿ ಹುಲ್ಲು ಒಣಗಿ ಮೋಟಾಗುತ್ತದೆ. ಕುರಿಗಳು ನೆಲಕ್ಕೆ ಬಾಯಿ ಹಚ್ಚಿ ಬೇರು ಸಮೇತ ಕಿತ್ತು ತಿನ್ನುತ್ತವೆ. ಮಣ್ಣೂ ಒಳಗೆ ಹೋಗುತ್ತದೆ. ಆಮೇಲೆ ಜೋರು ಮಳೆ ಬಂದರೆ ಕೆಳಗಿದ್ದ ಸ್ಪೋರ್ ಮೇಲಕ್ಕೆ ಬಂದು ತಗ್ಗಿನ ಜಾಗದಲ್ಲಿ ಕೂಡುತ್ತದೆ. ಬರ ಮುಗಿದು ಮಳೆ ಹಿಡಿಯುವ ಹೊತ್ತು, ಭೀಮಾ ತುಂಬಿ ಇಳಿದ ಮೇಲಿನ ವಾರಗಳು, ಇವು ಜಾಸ್ತಿ ಎಚ್ಚರ ಬೇಕಾದ ದಿನಗಳು.

ಅನುಮಾನ ಯಾವಾಗ ಪಡಬೇಕು

ನಿನ್ನೆ ಚೆನ್ನಾಗಿದ್ದ ದನ ಇವತ್ತು ಸತ್ತಿದ್ದರೆ ಮೊದಲು ನೆರಡಿಯೇ ನೆನಪಾಗಲಿ. ಕುರಿ, ಆಡುಗಳಲ್ಲಂತೂ ನಡೆಯುತ್ತಿದ್ದದ್ದು ತತ್ತರಿಸಿ, ಉಸಿರು ಕಟ್ಟಿ, ಕೆಲವೇ ನಿಮಿಷಗಳಲ್ಲಿ ಬಿದ್ದು ಸಾಯುವುದುಂಟು. ಸತ್ತ ಮೇಲೆ ಮೂಗು, ಬಾಯಿ, ಗುದದ್ವಾರದಿಂದ ಕಪ್ಪಗಿನ ರಕ್ತ ಬರುತ್ತದೆ. ಆ ರಕ್ತ ಹೆಪ್ಪುಗಟ್ಟುವುದಿಲ್ಲ. ಹೊಟ್ಟೆ ಬೇಗ ಉಬ್ಬುತ್ತದೆ. ಹೆಣ ಸಾಮಾನ್ಯವಾಗಿ ಸೆಟೆದುಕೊಳ್ಳುವ ಹಾಗೆ ಪೂರ್ತಿ ಸೆಟೆಯುವುದಿಲ್ಲ. ಎಲ್ಲ ಲಕ್ಷಣ ಒಟ್ಟಿಗೆ ಕಾಣಲೇಬೇಕು ಅಂತಿಲ್ಲ. ರಕ್ತ ಬರದೇ ಇದ್ದರೂ ದಿಢೀರ್ ಸಾವಾದರೆ ಅನುಮಾನ ಇಟ್ಟುಕೊಳ್ಳಿ.

ಗಳಲೆ ರೋಗ, ಚಪ್ಪೆ ರೋಗ, ಹಾವು ಕಡಿತ, ಸಿಡಿಲು, ಎಳೆ ಜೋಳದ ವಿಷ, ಇವುಗಳಿಂದಲೂ ದನ ಹೀಗೇ ದಿಢೀರ್ ಸಾಯುತ್ತದೆ. ಕಣ್ಣಿಂದ ನೋಡಿ ಯಾವುದು ಅಂತ ನಾವು ನಿರ್ಧಾರ ಮಾಡುವುದು ಬೇಡ. ಅದು ಡಾಕ್ಟರ್ ಕೆಲಸ.

ಮೊದಲ ಒಂದು ಗಂಟೆ

ಮೊದಲು ಜನರನ್ನು, ಮಕ್ಕಳನ್ನು ದೂರ ಕಳಿಸಿ. ಉಳಿದ ದನಗಳನ್ನು ಬಿಚ್ಚಿ ಬೇರೆ ಜಾಗದಲ್ಲಿ ಕಟ್ಟಿ. ಆದರೆ ಊರಿನ ದನಗಳ ಜೊತೆ ಬೆರೆಸಬೇಡಿ, ಕೆರೆಗೆ ನೀರಿಗೆ ಹೊಡೆಯಬೇಡಿ. ಸತ್ತ ದನದ ಮುಂದಿದ್ದ ಮೇವನ್ನು ಬೇರೆ ದನಕ್ಕೆ ಹಾಕಬೇಡಿ.

ನಂತರ ಫೋನ್ ಮಾಡಿ. ಪಶುಪಾಲನಾ ಇಲಾಖೆಯ ಸಹಾಯವಾಣಿ ಸಂಖ್ಯೆ 1962, ದುಡ್ಡು ಬೀಳುವುದಿಲ್ಲ. ಹತ್ತಿರದ ಪಶು ಆಸ್ಪತ್ರೆಗೂ ತಿಳಿಸಿ. "ದನ ಸತ್ತಿದೆ" ಅಂತ ಅಷ್ಟೇ ಹೇಳಬೇಡಿ. "ದಿಢೀರ್ ಸತ್ತಿದೆ, ಮೂಗಿಂದ ರಕ್ತ ಬಂದಿದೆ, ನೆರಡಿ ಅನುಮಾನ ಇದೆ" ಅಂತ ಬಿಡಿಸಿ ಹೇಳಿ. ಹಾಗೆ ಹೇಳಿದರೆ ಅವರು ಬೇಕಾದ ಸಾಮಾನು ತಂದೇ ಬರುತ್ತಾರೆ. ಇದು ಬರೀ ಒಳ್ಳೆಯ ಅಭ್ಯಾಸ ಅಲ್ಲ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಕಾಯ್ದೆಯ ಪಟ್ಟಿಯಲ್ಲಿ ಆಂಥ್ರಾಕ್ಸ್ ಇದೆ. ಅನುಮಾನ ಬಂದರೆ ತಿಳಿಸುವುದು ಮಾಲೀಕರ ಜವಾಬ್ದಾರಿ.

ಡಾಕ್ಟರ್ ಬರುವತನಕ ನಾಯಿ, ಕಾಗೆ, ಹಂದಿ ಹತ್ತಿರ ಬರದಂತೆ ನೋಡಿಕೊಳ್ಳಬೇಕು. ತಾಡಪತ್ರಿ ಹೊದಿಸಿ, ಮೇಲೆ ಜಾಲಿ ಮುಳ್ಳುಕಂಟಿ ಹಾಕಿದರೆ ಸಾಕು. ಒಬ್ಬರು ದೂರದಲ್ಲಿ ಕೋಲು ಹಿಡಿದು ಕೂರಲಿ. ಹೆಣವನ್ನು ಎಳೆಯಬೇಡಿ. ಎಳೆದ ದಾರಿಯುದ್ದಕ್ಕೂ ರಕ್ತ ಹೋಗುತ್ತದೆ, ಮುಂದೆ ಅದೇ ದಾರಿಯಲ್ಲಿ ದನ ಮೇಯುತ್ತವೆ.

ವಿಮೆ ಓಲೆಗೆ ಕಿವಿ ಕೊಯ್ಯುವುದು ಬೇಡವೇ ಬೇಡ. ಓಲೆಯ ಸಂಖ್ಯೆ ಕಾಣುವ ಹಾಗೆ ದೂರದಿಂದಲೇ ಮೊಬೈಲ್‌ನಲ್ಲಿ ಹಿಗ್ಗಿಸಿ ಫೋಟೋ ತೆಗೆಯಿರಿ. ಇಡೀ ದನ ಕಾಣುವ ಫೋಟೋ ಒಂದು, ಮುಖದ್ದು ಒಂದು. ನೆರಡಿ ಅನುಮಾನ ಇದ್ದರೆ ಮರಣೋತ್ತರ ಪರೀಕ್ಷೆಗೆ ಹೆಣ ಸೀಳುವ ಹಾಗಿಲ್ಲ. ಹಾಗಾಗಿ ಯಾಕೆ ಸೀಳಲಿಲ್ಲ ಅನ್ನುವುದನ್ನು ಬರೆದು ಪ್ರಮಾಣಪತ್ರ ಕೊಡಿ ಅಂತ ಡಾಕ್ಟರನ್ನು ಕೇಳಿ ಪಡೆಯಿರಿ. ಕಾಕಾನ ಎತ್ತಿಗೆ ಹೀಗೇ ಮಾಡಿದೆವು. ಓಡಾಟ ಆಯಿತು, ತಡವೂ ಆಯಿತು, ಆದರೆ ವಿಮೆ ಹಣ ಬಂತು.

ಅವತ್ತು ಡಾಕ್ಟರ್ ಬಂದು ಮಾಡಿದ ಕೆಲಸ ನೋಡುವಂತಿತ್ತು. ಎರಡೆರಡು ಗ್ಲೌಸ್ ಹಾಕಿಕೊಂಡರು. ಕಿವಿಯ ನರಕ್ಕೆ ಸೂಜಿ ಚುಚ್ಚಿ ಒಂದೇ ಒಂದು ಹನಿ ರಕ್ತ ತೆಗೆದು ಗಾಜಿನ ಸ್ಲೈಡ್ ಮೇಲೆ ತೆಳ್ಳಗೆ ಹರಡಿದರು. ಚುಚ್ಚಿದ ಜಾಗಕ್ಕೆ ಔಷಧಿಯಲ್ಲಿ ಅದ್ದಿದ ಹತ್ತಿ ಒತ್ತಿದರು. ಮೂಗು, ಬಾಯಿಗೂ ಅಂಥದ್ದೇ ಹತ್ತಿ ತುರುಕಿದರು. ಆ ಸ್ಲೈಡಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ನೆರಡಿಯಾಗಿದ್ದರೆ ನೀಲಿ ಕಡ್ಡಿಗಳು, ಅವುಗಳ ಸುತ್ತ ನಸುಗೆಂಪು ಹೊದಿಕೆ ಕಾಣುತ್ತದಂತೆ. ಎತ್ತಿನ ಸ್ಲೈಡಿನಲ್ಲಿ ಅದು ಕಾಣಲಿಲ್ಲ. ನೆರಡಿ ಅಲ್ಲ ಅಂತ ವರದಿ ಬಂತು. ಊರಲ್ಲಿ ಕೆಲವರು "ಸುಮ್ನೆ ಹೆದರಿಸಿದ್ರಿ" ಅಂದರು. ಆಗಿದ್ದರೆ? ಇವತ್ತು ಮತ್ತೆ ಹಾಗೊಂದು ದನ ಬಿದ್ದರೂ ನಾನು ಚಾಕು ಕೆಳಗಿಡಿ ಅಂತಲೇ ಹೇಳುತ್ತೇನೆ.

ಹೆಣವನ್ನು ಏನು ಮಾಡಬೇಕು

ಸುಡುವುದು ಎಲ್ಲಕ್ಕಿಂತ ಒಳ್ಳೆಯದು. ಸತ್ತ ಜಾಗದಲ್ಲೇ, ಇಲ್ಲವೇ ತೀರಾ ಹತ್ತಿರದಲ್ಲಿ, ಸಾಕಷ್ಟು ಕಟ್ಟಿಗೆ ಹಾಕಿ ಪೂರ್ತಿ ಬೂದಿ ಆಗುವತನಕ ಸುಡಬೇಕು. ಅರ್ಧಂಬರ್ಧ ಸುಟ್ಟರೆ ಉಪಯೋಗ ಇಲ್ಲ. ಅದರ ಕೆಳಗಿನ ರಕ್ತ ಬಿದ್ದ ಮಣ್ಣು, ಹಾಸು, ಸಗಣಿ, ಉಳಿದ ಮೇವು ಎಲ್ಲವೂ ಅದೇ ಬೆಂಕಿಗೆ ಹೋಗಬೇಕು.

ಸುಡಲು ಆಗದಿದ್ದರೆ ಆಳವಾಗಿ ಹೂಳಬೇಕು. ಕನಿಷ್ಠ 6 ಅಡಿ ಆಳ. ಬಾವಿ, ಬೋರು, ಹಳ್ಳ, ಕೆರೆಯಿಂದ ದೂರ, ಪ್ರವಾಹದ ನೀರು ಬರದ ದಿಣ್ಣೆ ಜಾಗ. ಸಾಗಿಸಲೇಬೇಕಾದರೆ ಟ್ರ್ಯಾಲಿಯಲ್ಲಿ ದಪ್ಪ ಪ್ಲಾಸ್ಟಿಕ್ ಹಾಸಿ ಎತ್ತಿ ಹಾಕಬೇಕು. ಮೇಲೆ ಸುಣ್ಣ ಚೆಲ್ಲಿದರೆ ಎಲ್ಲ ಸತ್ತಿತು ಅಂತ ನಮ್ಮಲ್ಲಿ ನಂಬಿಕೆ ಇದೆ. ಸುಣ್ಣದಿಂದ ಸ್ಪೋರ್ ಸಾಯುತ್ತದೆ ಅಂತ ನೆಚ್ಚಿಕೊಳ್ಳಬೇಡಿ. ನೆಲ ಶುದ್ಧ ಮಾಡಲು ಫಾರ್ಮಾಲಿನ್‌ನಂತಹ ಔಷಧಿ ಬೇಕು. ಅದರ ಘಾಟು ನಮಗೂ ಅಪಾಯ, ಅದನ್ನು ಇಲಾಖೆಯವರೇ ಮಾಡಲಿ. ಹೂತ ಜಾಗಕ್ಕೆ ಬೇಲಿ ಹಾಕಿ ಗುರುತು ಇಡಿ. ಅಲ್ಲಿ ಮೇಯಿಸುವುದು, ಅಗೆಯುವುದು ಬೇಡ. ಗ್ರಾಮ ಪಂಚಾಯಿತಿಯ ಪುಸ್ತಕದಲ್ಲಿ ಬರೆಸಿ. ಹತ್ತು ವರ್ಷ ಕಳೆದ ಮೇಲೆ ಅಲ್ಲಿ ಮನೆಯ ಪಾಯ ತೆಗೆಯುವವರಿಗೆ ಅದು ಬೇಕಾಗುತ್ತದೆ.

ಒಂದು ಮಾತು ಇಲ್ಲಿ ಹೇಳದೆ ಇರಲಾರೆ. ಸತ್ತ ದನ ಎಳೆಯಲು ನಮ್ಮ ಊರುಗಳಲ್ಲಿ ಯಾರನ್ನು ಕರೆಯುತ್ತಾರೆ ಅಂತ ಎಲ್ಲರಿಗೂ ಗೊತ್ತು. ಬರಿಗೈಯಲ್ಲಿ, ಬರಿಗಾಲಲ್ಲಿ ಕರೆಯುತ್ತಾರೆ. ಈ ರೋಗ ಮೊದಲು ತಾಗುವುದು ಅವರ ಕೈಗೆ. ಕೈಯಲ್ಲಿ ಒಂದು ಸಣ್ಣ ತರಚು ಗಾಯ ಇದ್ದರೆ ಸಾಕು. ಗ್ಲೌಸ್, ಬೂಟು, ಮಾಸ್ಕ್ ಕೊಡದೆ ಯಾರನ್ನೂ ಈ ಕೆಲಸಕ್ಕೆ ಕರೆಯಬಾರದು. ಅವರು ಕೇಳಲಿ ಅಂತ ಕಾಯಬಾರದು. ಇದನ್ನು ಒದಗಿಸುವುದು ದನದ ಮಾಲೀಕರ ಮತ್ತು ಪಂಚಾಯಿತಿಯ ಕೆಲಸ.

ಮಾಂಸದ ವಿಷಯ

ದಿಢೀರ್ ಸತ್ತ, ಇಲ್ಲವೇ ಸಾಯುತ್ತಿದೆ ಅಂತ ಅವಸರದಲ್ಲಿ ಕೊಯ್ದ ಪ್ರಾಣಿಯ ಮಾಂಸ ತಿನ್ನಬೇಡಿ, ಹಂಚಬೇಡಿ, ಮಾರಬೇಡಿ. ಒಡಿಶಾದ ಕೊರಾಪುಟ್ ಜಿಲ್ಲೆಯಲ್ಲಿ ಜನರಿಗೆ ಈ ರೋಗ ಮತ್ತೆ ಮತ್ತೆ ಬಂದಿದೆ. ಅಲ್ಲಿ ಮುಖ್ಯ ಕಾರಣವೇ ಸತ್ತ ದನವನ್ನು ಕೊಯ್ದು ತಿನ್ನುವುದು. ಚೆನ್ನಾಗಿ ಕುದಿಸಿದರೆ ಏನೂ ಆಗಲ್ಲ ಅನ್ನುವವರಿರುತ್ತಾರೆ. ಸ್ಪೋರ್ ಸಾಧಾರಣ ಅಡುಗೆ ಬಿಸಿಗೆ ಬಗ್ಗುವಂಥದ್ದಲ್ಲ. ಅದಕ್ಕಿಂತ ಮುಖ್ಯ, ಕೊಯ್ದವರ, ತೊಳೆದವರ, ಹೆಚ್ಚಿದವರ ಕೈಗೆ ಅದು ಕುದಿಯುವ ಮೊದಲೇ ತಾಗಿರುತ್ತದೆ. ಜ್ವರ ಬಂದ ದನದ ಹಾಲೂ ಬೇಡ. ಚರ್ಮ, ಉಣ್ಣೆ, ಎಲುಬು ಯಾವುದನ್ನೂ ಉಳಿಸಿಕೊಳ್ಳಬೇಡಿ. ಹಿಂದೆ ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ಉಣ್ಣೆ ಬಿಡಿಸುವ ಕೂಲಿಗಳು ಉಣ್ಣೆಯ ಧೂಳು ಉಸಿರಾಡಿಯೇ ಸಾಯುತ್ತಿದ್ದರು. ಅದೂ ಇದೇ ರೋಗ.

ಎಷ್ಟೋ ಮನೆಗೆ ಒಂದು ಕುರಿ ಸತ್ತರೆ ತಿಂಗಳ ಸಂಪಾದನೆಯೇ ಹೋದ ಹಾಗೆ, ಗೊತ್ತು. ಚರ್ಮವನ್ನಾದರೂ ಮಾರೋಣ ಅನ್ನಿಸುತ್ತದೆ. ಕುರಿ, ಆಡು, ದನ ಸತ್ತರೆ ಪರಿಹಾರ ಕೊಡುವ ಅನುಗ್ರಹ ಯೋಜನೆ ರಾಜ್ಯದಲ್ಲಿದೆ. ನಿಮಗೆ ಸಿಗುತ್ತದೆಯೇ, ಯಾವ ಕಾಗದ ಬೇಕು ಅಂತ ಆ ಹೊತ್ತಿಗೇ ಡಾಕ್ಟರ್ ಹತ್ತಿರ ಕೇಳಿ.

ನಿಮ್ಮ ಮೈಮೇಲೆ ಏನು ನೋಡಬೇಕು

ಮನುಷ್ಯರಿಗೆ ಬರುವ ನೆರಡಿಯಲ್ಲಿ ನೂರಕ್ಕೆ 95ರಷ್ಟು ಚರ್ಮದ್ದು. ಸತ್ತ ದನ ಮುಟ್ಟಿದ ಮೇಲೆ ಸಾಮಾನ್ಯವಾಗಿ ಒಂದು ವಾರದೊಳಗೆ ಕೈ, ತೋಳು, ಕುತ್ತಿಗೆ ಅಥವಾ ಮುಖದ ಮೇಲೆ ಸಣ್ಣ ಗುಳ್ಳೆ ಏಳುತ್ತದೆ. ಸೊಳ್ಳೆ ಕಚ್ಚಿದಂತೆ ತುರಿಸುತ್ತದೆ. ಆಮೇಲೆ ನೀರು ತುಂಬುತ್ತದೆ, ಒಡೆಯುತ್ತದೆ, ನಡುವೆ ಇದ್ದಿಲಿನಂತೆ ಕಪ್ಪು ಹಕ್ಕಳೆ ಕಟ್ಟುತ್ತದೆ. ಸುತ್ತ ಬಾವು ಬರುತ್ತದೆ. ಆಂಥ್ರಾಕ್ಸ್ ಅನ್ನುವ ಹೆಸರು ಬಂದಿರುವುದೂ ಗ್ರೀಕಿನ ಇದ್ದಿಲು ಅನ್ನುವ ಪದದಿಂದಲೇ. ಇದರ ಮೋಸ ಏನೆಂದರೆ, ಹುಣ್ಣು ನೋಯುವುದಿಲ್ಲ. ನೋವಿಲ್ಲ ಅಂತ ಜನ ಸುಮ್ಮನಿದ್ದುಬಿಡುತ್ತಾರೆ.

ಸುಮ್ಮನಿರಬೇಡಿ. ಹಿಸುಕಬೇಡಿ, ಎಲೆ ರಸ ಕಟ್ಟಬೇಡಿ, ಚುಟ್ಟಿ (ಬರೆ) ಹಾಕಿಸಬೇಡಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಅವರು ಕಳಿಸಿದರೆ ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್ ಅಥವಾ ಯಾದಗಿರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಹೋದ ಕೂಡಲೇ "ಸತ್ತ ದನ ಮುಟ್ಟಿದ್ದೆ" ಅಂತ ಮೊದಲ ಮಾತಿನಲ್ಲೇ ಹೇಳಿ. ಡಾಕ್ಟರಿಗೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ಚರ್ಮದ ನೆರಡಿಯಲ್ಲಿ ನೂರಕ್ಕೆ 10ರಿಂದ 20 ಜನ ಸಾಯಬಹುದು. ಸರಿಯಾದ ಹೊತ್ತಿಗೆ ಆಂಟಿಬಯಾಟಿಕ್ ಸಿಕ್ಕರೆ ಸಾವು ನೂರಕ್ಕೆ ಒಂದಕ್ಕಿಂತ ಕಡಿಮೆ.

ಮಾಂಸ ತಿಂದವರಿಗೆ ಜ್ವರ, ಜೋರು ಹೊಟ್ಟೆನೋವು, ವಾಂತಿ, ರಕ್ತಭೇದಿ, ಗಂಟಲು ಬಾವು ಬರಬಹುದು. ಸ್ಪೋರ್ ಉಸಿರಾಡಿದವರಿಗೆ ಮೊದಲು ಫ್ಲೂ ಥರ ಜ್ವರ, ಕೆಮ್ಮು, ಎದೆ ಹಿಡಿದಂತೆ ಆಗಿ, ಆಮೇಲೆ ದಿಢೀರ್ ಉಸಿರಾಟ ಕಷ್ಟವಾಗುತ್ತದೆ. ಇವೆರಡರಲ್ಲೂ ಕಾಯಲು ಸಮಯ ಇಲ್ಲ. 108ಕ್ಕೆ ಫೋನ್ ಮಾಡಿ. ಒಂದು ಸಮಾಧಾನ, ಇದು ಕೆಮ್ಮು ನೆಗಡಿಯಂತೆ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ರೋಗಿಯನ್ನು ಮನೆಯಿಂದ ಹೊರಗೆ ಹಾಕಬೇಡಿ. ಹುಣ್ಣಿನ ರಸ ಕೈಗೆ ತಾಗದಂತೆ ನೋಡಿಕೊಂಡರೆ ಸಾಕು.

ಉಳಿದ ದನ, ಕುರಿಗಳಿಗೆ

ಎರಡು ಮೂರು ವಾರ ಬೆಳಗ್ಗೆ, ಸಂಜೆ ಜ್ವರ ನೋಡಿ. ಥರ್ಮಾಮೀಟರ್ 104 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಆಗಲೇ ಡಾಕ್ಟರಿಗೆ ಹೇಳಿ. ಶುರುವಿನಲ್ಲೇ ಪೆನಿಸಿಲಿನ್ ಸಿಕ್ಕರೆ ದನ ಉಳಿಯುವ ಅವಕಾಶ ಇದೆ. ಸತ್ತ ದನ ಮೇಯುತ್ತಿದ್ದ ಹೊಲದಲ್ಲಿ ಮೇಯಿಸುವುದನ್ನು ನಿಲ್ಲಿಸಿ. ಹೆದರಿ ಸಂತೆಗೆ ಹೊಡೆದುಕೊಂಡು ಹೋಗಿ ಮಾರಬೇಡಿ. ಕುರಿ ಹಿಂಡು ಊರೂರು ತಿರುಗುವಂಥದ್ದಾದರೆ ಹೊಲದಲ್ಲಿ ಕುರಿ ನಿಲ್ಲಿಸುವ ಮೊದಲು ಆ ರೈತರನ್ನು ಕೇಳಿ: "ಇಲ್ಲಿ ದನ ಕುರಿ ಹಂಗೇ ಸತ್ತಿದ್ವೇನ್ರಿ?" ರೈತರೂ ಮುಚ್ಚಿಡದೆ ಹೇಳಬೇಕು.

ಲಸಿಕೆ ಇದೆ, ಹಳೆಯದು, ಚೆನ್ನಾಗಿ ಕೆಲಸ ಮಾಡುವಂಥದ್ದು. 1881ರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ಎಲ್ಲರ ಎದುರಿಗೆ ಲಸಿಕೆ ಹಾಕಿ ತೋರಿಸಿದರು. ಲಸಿಕೆ ಹಾಕಿದ 24 ಕುರಿಗಳೂ ಉಳಿದವು, ಹಾಕದ ಕುರಿಗಳು ಸತ್ತವು. ಈಗ ಬಳಸುವುದು ಆಮೇಲೆ ಬಂದ ಸ್ಟರ್ನ್ ತಳಿಯ ಲಸಿಕೆ. ಬೆಂಗಳೂರಿನ ಹೆಬ್ಬಾಳದಲ್ಲಿರುವ ಸರ್ಕಾರಿ ಸಂಸ್ಥೆಯಲ್ಲೇ ತಯಾರಾಗುತ್ತದೆ. ಹಿಂದೆ ನೆರಡಿ ಕಂಡ ಊರುಗಳಲ್ಲಿ ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮೊದಲೇ ಹಾಕಿಸಬೇಕು. ಕಾರ ಹುಣ್ಣಿಮೆಗೆ ಎತ್ತು ಸಿಂಗರಿಸುವ ಮುಂಚೆ ಈ ಕೆಲಸ ಮುಗಿಸಿಬಿಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ನೆನಪಿಡಲು ಸುಲಭ. ಇದು ಜೀವಂತ ಲಸಿಕೆ, ಹಾಗಾಗಿ ಹಾಕಿಸುವ ದಿನಗಳ ಆಸುಪಾಸಿನಲ್ಲಿ ಆಂಟಿಬಯಾಟಿಕ್ ಕೊಟ್ಟರೆ ಲಸಿಕೆ ಹಿಡಿಯುವುದಿಲ್ಲ. ಗಬ್ಬದ ದನ ಇದ್ದರೆ ಮೊದಲೇ ಹೇಳಿ. ಚುಚ್ಚಿದ ಕಡೆ ಸ್ವಲ್ಪ ಬಾವು ಬಂದರೆ ಗಾಬರಿ ಬೇಡ.

ಆಯುಧ ಅನ್ನುವ ಮಾತು ಯಾಕೆ ಬಂತು

ಸ್ಪೋರ್ ಕಣ್ಣಿಗೆ ಕಾಣದು, ವಾಸನೆ ಇಲ್ಲ, ಸಾಯದೆ ಉಳಿಯುತ್ತದೆ. ಈ ಗುಣವೇ ಯುದ್ಧ ಮಾಡುವವರ ಕಣ್ಣಿಗೂ ಬಿತ್ತು. ಎರಡನೇ ಮಹಾಯುದ್ಧದ ಹೊತ್ತಿಗೆ, 1942ರಲ್ಲಿ, ಬ್ರಿಟನ್ ಸ್ಕಾಟ್ಲೆಂಡಿನ ಗ್ರುಯ್ನಾರ್ಡ್ ಅನ್ನುವ ಸಣ್ಣ ದ್ವೀಪದಲ್ಲಿ ಕುರಿಗಳ ಮೇಲೆ ಇದನ್ನು ಪ್ರಯೋಗ ಮಾಡಿತು. ಕುರಿಗಳು ಸತ್ತವು, ಪ್ರಯೋಗ ಮುಗಿಯಿತು, ಆದರೆ ದ್ವೀಪದ ಮಣ್ಣು ಮಾತ್ರ ಸರಿಹೋಗಲಿಲ್ಲ. 1986ರಲ್ಲಿ ಸಮುದ್ರದ ನೀರಿನಲ್ಲಿ ಫಾರ್ಮಾಲ್ಡಿಹೈಡ್ ಬೆರೆಸಿ ನೆಲಕ್ಕೆಲ್ಲ ಹಾಯಿಸಬೇಕಾಯಿತು. ಇನ್ನು ಭಯವಿಲ್ಲ ಅಂತ ಸರ್ಕಾರ ಹೇಳಿದ್ದು 1990ರಲ್ಲಿ, 48 ವರ್ಷಗಳ ನಂತರ. ಒಂದು ಹೆಣ ಕೊಯ್ದ ನಮ್ಮ ಹೊಲಕ್ಕೆ ಅಷ್ಟು ಕಾಳಜಿಯಿಂದ ಔಷಧಿ ಹಾಯಿಸುವವರು ಯಾರು?

1979ರಲ್ಲಿ ಆಗಿನ ಸೋವಿಯತ್ ರಷ್ಯಾದ ಸ್ವೆರ್ಡ್ಲೋವ್ಸ್ಕ್ ನಗರದಲ್ಲಿ ಸೈನ್ಯದ ಒಂದು ಕೇಂದ್ರದಿಂದ ಸ್ಪೋರ್ ಗಾಳಿಗೆ ಸೋರಿ ಕನಿಷ್ಠ 66 ಜನ ಸತ್ತರು. ಕೆಟ್ಟ ಮಾಂಸದಿಂದ ಹೀಗಾಯಿತು ಅಂತ ಸರ್ಕಾರ ವರ್ಷಗಟ್ಟಲೆ ಸುಳ್ಳು ಹೇಳಿತು. 2001ರಲ್ಲಿ ಅಮೆರಿಕದಲ್ಲಿ ಅಂಚೆ ಲಕೋಟೆಗಳಲ್ಲಿ ಕಳಿಸಿದ ಸ್ಪೋರ್‌ಗಳಿಂದ 22 ಜನರಿಗೆ ರೋಗ ಬಂತು, 5 ಜನ ಸತ್ತರು. ಸತ್ತವರಲ್ಲಿ ಇಬ್ಬರು ಅಂಚೆ ನೌಕರರು. ಇಂಥ ಆಯುಧ ಯಾವ ದೇಶವೂ ಮಾಡಬಾರದು, ಇಟ್ಟುಕೊಳ್ಳಬಾರದು ಅನ್ನುವ ಜೈವಿಕ ಅಸ್ತ್ರಗಳ ಒಪ್ಪಂದ 1975ರಿಂದ ಜಾರಿಯಲ್ಲಿದೆ. ಭಾರತವೂ ಅದರಲ್ಲಿದೆ.

ಲಕೋಟೆಯಲ್ಲಿ ಪುಡಿ ಸಿಕ್ಕರೆ

ನಮ್ಮ ಕಡೆ ಇದು ನಡೆಯುವ ಸಾಧ್ಯತೆ ತೀರಾ ಕಡಿಮೆ. ಅಂಚೆ ಕಚೇರಿ, ತಹಶೀಲ್ದಾರ್ ಕಚೇರಿ, ಶಾಲೆಗಳಲ್ಲಿ ಕೆಲಸ ಮಾಡುವವರು ಒಮ್ಮೆ ತಿಳಿದುಕೊಂಡಿದ್ದರೆ ಸಾಕು. ಗುರುತಿಲ್ಲದವರಿಂದ ಬಂದ ಲಕೋಟೆಯಿಂದ ಪುಡಿ ಉದುರಿದರೆ ಅಲುಗಾಡಿಸಬೇಡಿ, ಮೂಸಬೇಡಿ, ಪಕ್ಕದವರಿಗೆ ತೋರಿಸಲು ಎತ್ತಿಕೊಂಡು ಹೋಗಬೇಡಿ. ಇದ್ದಲ್ಲೇ ಮೆಲ್ಲಗೆ ಇಟ್ಟು ಬಟ್ಟೆಯನ್ನೋ ಬುಟ್ಟಿಯನ್ನೋ ಮುಚ್ಚಿ. ಪುಡಿ ಗುಡಿಸಬೇಡಿ. ಫ್ಯಾನ್, ಕೂಲರ್ ಆರಿಸಿ, ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿ. ಸಾಬೂನು ಹಚ್ಚಿ ಕೈ ತೊಳೆಯಿರಿ. 112ಕ್ಕೆ ಫೋನ್ ಮಾಡಿ. ಬಟ್ಟೆಗೆ ಪುಡಿ ತಾಗಿದ್ದರೆ ಝಾಡಿಸದೆ ಬಿಚ್ಚಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ, ಸಾಬೂನು ಹಚ್ಚಿ ಸ್ನಾನ ಮಾಡಿ.

ಆ ಹೊತ್ತಿಗೆ ಕೋಣೆಯಲ್ಲಿ ಯಾರ್ಯಾರು ಇದ್ದರು ಅಂತ ಒಂದು ಹಾಳೆಯಲ್ಲಿ ಹೆಸರು, ಫೋನ್ ನಂಬರ್ ಬರೆದು ಪೊಲೀಸರಿಗೆ ಕೊಡಿ. ಪ್ರಯೋಗಾಲಯದ ವರದಿ ಬರುವತನಕ ವಾಟ್ಸಾಪ್‌ನಲ್ಲಿ ಫೋಟೋ ಹಾಕಬೇಡಿ, ಮೆಡಿಕಲ್ ಅಂಗಡಿಗೆ ಹೋಗಿ ನೀವೇ ಮಾತ್ರೆ ನುಂಗಬೇಡಿ. ಸ್ಪೋರ್ ನಿಜವಾಗಿಯೂ ಉಸಿರಿಗೆ ಹೋಗಿದೆ ಅಂತಾದರೆ ಡಾಕ್ಟರ್ ಕೊಡುವ ಮಾತ್ರೆಯನ್ನು 60 ದಿನದವರೆಗೆ ತಪ್ಪದೆ ತೆಗೆದುಕೊಳ್ಳಬೇಕಾಗುತ್ತದೆ. ಯಾಕೆಂದರೆ ಸ್ಪೋರ್ ಶ್ವಾಸಕೋಶದಲ್ಲಿ ವಾರಗಟ್ಟಲೆ ಸುಮ್ಮನಿದ್ದು ಆಮೇಲೆ ಮೊಳೆಯಬಹುದು. ಮೈ ಹುಷಾರಾಗಿದೆ ಅಂತ ಹತ್ತು ದಿನಕ್ಕೇ ಬಿಡುವ ಹಾಗಿಲ್ಲ.